ಅಮೆರಿಕನ್ ಡೈಮಂಡು

ಕಳೆದ ಭಾನುವಾರ ಹಗಲು ಹನ್ನೊಂದೂವರೆ ಗಂಟೆಯ ಸುಮಾರಿಗೆ, ನ್ಯೂಜೆರ್ಸಿ ಸಂಸ್ಥಾನದ ಎಡಿಸನ್ ಪಟ್ಟಣದಲ್ಲಿರುವ ನಮ್ಮ ಮನೆಯ ಒಲೆಯ ಮೇಲೆ, ನನ್ನ ಸ್ವಹಸ್ತದಿಂದಲೇ ಪಾಕಗೊಳ್ಳುತ್ತಿದ್ದ ತೊಗರಿಬೇಳೆಯ ಸಾರು ಇದ್ದಕ್ಕಿದ್ದಂತೆ ನೊರೆಗಟ್ಟಿ, ಪರ್ವತಾಕಾರವಾಗಿ ಮೇಲೆದ್ದು, ಪಾತ್ರೆಯ ಅಂಚನ್ನು ಉಲ್ಲಂಘಿಸಿ, ಒಲೆ, ಕಟ್ಟೆ, ನೆಲಗಳನ್ನು ಕ್ರಮವಾಗಿ ಆಕ್ರಮಿಸಿದ ಪ್ರಸಂಗವನ್ನು ಸ್ಮರಿಸಿಕೊಂಡಾಗಲೆಲ್ಲ ನನಗೆ ನಗೆ ಉಕ್ಕುತ್ತದೆ. ನನ್ನ ಪತ್ನಿಗೆ ಉಕ್ಕುವುದಿಲ್ಲ. ನೆಲವನ್ನು ಒರೆಸಿದವಳು ಅವಳು.

ಈ ಪ್ರಳಯಕ್ಕೆ ಮೂಲ ಒಂದು ವಜ್ರದ ಉಂಗುರ. ನನ್ನ ಮಗನಿಗೆ ಇಪ್ಪತ್ತೆಂಟು ವರ್ಷ. ಓಹಾಯೋ ಪ್ರಾಂತದ ಹುಡುಗಿಯೊಬ್ಬಳನ್ನು ವರಿಸಬೇಕೆಂದು ಮನಸ್ಸಿನಲ್ಲಿ ಸಂಕಲ್ಪಿಸಿಕೊಂಡು, ಆ ಸಂಕಲ್ಪವನ್ನು ತನ್ನ ಸ್ನೇಹಿತರಿಗೂ, ಆಫೀಸಿನವರಿಗೂ, ನಮಗೂ, ಹುಡುಗಿಯ ತಂದೆತಾಯಿಗಳಿಗೂ ಅರಿಕೆ ಮಾಡಿ, ಆ ಹುಡುಗಿಯೊಬ್ಬಳಿಂದ ಮಾತ್ರ ಅತ್ಯಂತ ಗೋಪ್ಯವಾಗಿಟ್ಟಿದ್ದನು. ಇದು ಈ ದೇಶದ ಶಿಷ್ಟಾಚಾರವೆಂದು ಅವನು ವಿವರಿಸಿದಾಗ, ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ನನ್ನ ತಾಯಿಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ. “ನಮ್ ಕಾಲದಲ್ಲೂ ಹಾಗೇ ಕಣೋ. ಹುಡುಗಿಗೇ ಕಡೇಲಿ ಹೇಳ್ತಿದ್ದಿದ್ದು” ಎಂದರು. ಅವರಿಗೆ ಸೋಜಿಗವಾದದ್ದು ಇನ್ನೊಂದು ವಿಷಯ. ಉಂಗುರವನ್ನು ಅರ್ಪಿಸುವಾಗ ವರನು ಮೊಣಕಾಲೂರಬೇಕೆಂಬ ನಿಯಮವನ್ನು ಕೇಳಿ ಅವರು ಮೊಮ್ಮಗನನ್ನು ಆಪಾದಮಸ್ತಕ ನೋಡಿ, “ಯುಗಾದಿ ದಿನ ನಮಸ್ಕಾರ ಮಾಡು ಅಂದ್ರೆ ಪ್ಯಾಂಟು ಬಿಗಿ ಅಂತಿದ್ಯಲ್ಲೋ, ಈಗ ಬಗ್ಗತ್ತಾ?” ಎಂದು ಕೇಳಿದರು. ಅವನು ಉತ್ತರಿಸಲಿಲ್ಲ.

ಉಂಗುರಕ್ಕೆ ಎರಡು ತಿಂಗಳ ಸಂಬಳವನ್ನು ವ್ಯಯಿಸತಕ್ಕದ್ದೆಂಬುದು ಇಲ್ಲಿನ ಯುವಕರಲ್ಲಿ ಮನುಧರ್ಮಶಾಸ್ತ್ರದಷ್ಟು ಪ್ರಾಚೀನವೆಂಬ ಭಾವನೆಯುಂಟು. ವಾಸ್ತವದಲ್ಲಿ ಅದು ನನಗಿಂತಲೂ ಚಿಕ್ಕದು. 1888ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸ್ಥಾಪಿತವಾದ ಡಿ ಬೀರ್ಸ್ ಕಂಪನಿಯು 1980ರ ದಶಕದ ತನ್ನ ಜಾಹೀರಾತುಗಳಲ್ಲಿ ವಿಧಿಸಿದ ಪ್ರಮಾಣವಿದು. ಅದೇ ಕಂಪನಿ ಜಪಾನೀಯರಿಗೆ ಮೂರು ತಿಂಗಳೆಂದು ವಿಧಿಸಿತು. ಆ ಜನ ಅದನ್ನೂ ನಂಬಿದರು. ವಜ್ರವು ಶಾಶ್ವತವೆಂಬ ಜಗದ್ವಿಖ್ಯಾತ ಘೋಷವಾಕ್ಯವನ್ನು 1947ರಲ್ಲಿ ಅದೇ ಕಂಪನಿಗಾಗಿ ಬರೆದವಳು ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ. ಆಕೆ ಆಜನ್ಮ ಅವಿವಾಹಿತೆಯಾಗಿಯೇ ಉಳಿದಳು. ಇದನ್ನು ಅಮ್ಮನಿಗೆ ಹೇಳಿದೆನು. “ಅದಕ್ಕೇ ಶಾಶ್ವತ ಅಂತ ಬರೆದಳು ಪಾಪ” ಎಂದರು.

ನಾನೂ ಮಗನೂ ಕೂಡಿ ಒಂದು ದಿನ ನ್ಯೂಯಾರ್ಕಿನ ನಲವತ್ತೇಳನೆಯ ಬೀದಿಗೆ ಹೋದೆವು. ಐದನೆಯ ಮತ್ತು ಆರನೆಯ ಅವೆನ್ಯೂಗಳ ನಡುವಣ ಆ ಒಂದೇ ಬೀದಿಯಲ್ಲಿ ಕಪ್ಪು ಟೋಪಿಯ ಯಹೂದ್ಯರೂ ನಮ್ಮ ಗುಜರಾತಿನ ಜೈನರೂ ಪಕ್ಕಪಕ್ಕದಲ್ಲಿ ಕುಳಿತು ಕಣ್ಣಿಗೆ ಮಸೂರವಿಟ್ಟುಕೊಂಡಿರುವ ನೋಟವೇ ಒಂದು ಸೊಗಸು. ವ್ಯಾಪಾರ ಕುದುರಿದೊಡನೆ ಗುಜರಾತಿಯೂ ಕೈಕುಲುಕಿ ಹೀಬ್ರೂ ಭಾಷೆಯಲ್ಲಿ “ಮಜಲ್” ಎನ್ನುವನಂತೆ. ಆ ಮಾತಾದ ಮೇಲೆ ಕಾಗದ ಪತ್ರಗಳ ಗೊಡವೆಯಿಲ್ಲವಂತೆ. ನಮ್ಮ ವ್ಯಾಪಾರಕ್ಕೆ ಮಾತ್ರ ಅನೇಕ ಮಜಲುಗಳಾದವು. ಗಾಜಿನ ಪೆಟ್ಟಿಗೆಯ ಹಿಂದಿನ ಪ್ರತಿಯೊಬ್ಬನೂ ಬಣ್ಣ, ಶುದ್ಧಿ, ಕಟಾವು, ಕ್ಯಾರಟ್ಟು ಎಂದು ಚತುರ್ವೇದಗಳನ್ನು ಪಠಿಸಿದನು. ಬಣ್ಣದ ಶ್ರೇಣಿ ‘ಡಿ’ ಅಕ್ಷರದಿಂದ ಪ್ರಾರಂಭವಾಗುತ್ತದೆ; ಎ, ಬಿ, ಸಿಗಳನ್ನು ಹಳೆಯ ಪದ್ಧತಿಗಳು ಎಂಜಲು ಮಾಡಿಬಿಟ್ಟಿದ್ದವೆಂದು ಹೊಸಬರು ಅವನ್ನು ಮುಟ್ಟಲಿಲ್ಲ. ಶುದ್ಧಿಯಲ್ಲಿ ಉತ್ತಮವಾದದ್ದಕ್ಕೆ ವಿ.ವಿ.ಎಸ್. ಎಂದು ಹೆಸರು. ಅದನ್ನು ಕೇಳಿ ನನ್ನ ಬಾಯಿಯಿಂದ ಅಪ್ರಯತ್ನವಾಗಿ “ಲಕ್ಷ್ಮಣ್” ಎಂದು ಹೊರಟಿತು. ಮಗ ಅಂಗಡಿಯ ಹೊರಗೆ ಹೋಗಿ ನಿಂತುಕೊಂಡನು.

ಕಡೆಗೆ ಅವನು ಕೊಂಡದ್ದು ಗಣಿಯಲ್ಲಿ ಅಗೆದ ವಜ್ರವಲ್ಲ, ಪ್ರಯೋಗಶಾಲೆಯಲ್ಲಿ ಬೆಳೆಸಿದ್ದು. ಇದು ನಕಲಿಯಲ್ಲ. ಅದೇ ಇಂಗಾಲ, ಅದೇ ಸ್ಫಟಿಕರಚನೆ, ಅದೇ ಕಾಠಿಣ್ಯ. ಅಮೆರಿಕದ ಸರ್ಕಾರದ ವ್ಯಾಪಾರ ಆಯೋಗವೇ 2018ರಲ್ಲಿ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಎಂಬ ವಿಶೇಷಣವನ್ನು ಕಿತ್ತುಹಾಕಿತು. ಗಣಿಯ ಹರಳಿಗೆ ಹೇಳಿದ ಬೆಲೆಯ ಕಾಲು ಭಾಗವೂ ಇದಕ್ಕೆ ಬೀಳಲಿಲ್ಲ. ಮಗನ ವ್ಯವಹಾರಜ್ಞಾನಕ್ಕೆ ಹೆಮ್ಮೆಪಟ್ಟು ಮನೆಗೆ ಬಂದೆನು. ಹೆಮ್ಮೆ ರಾತ್ರಿಯ ಊಟದವರೆಗೂ ಬಾಳಲಿಲ್ಲ.

“ಅಜ್ಜಿ, ಡೈಮಂಡು. ಇಲ್ಲೇ ಅಮೆರಿಕದಲ್ಲೇ ತಗೊಂಡಿದ್ದು” ಎಂದು ಮಗ ಪೆಟ್ಟಿಗೆಯ ಮುಚ್ಚಳವನ್ನು ತೆರೆದನು. ಅಮ್ಮನ ಮುಖ ಬಾಡಿತು. “ಅಮೆರಿಕನ್ ಡೈಮಂಡಾ?” ಎಂದರು.

ಓದುಗರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ನಮ್ಮ ದೇಶದ ಸಕಲ ಬಳೆ ಅಂಗಡಿಗಳಲ್ಲಿಯೂ ಅಮೆರಿಕನ್ ಡೈಮಂಡೆಂದರೆ ಥಳಥಳಿಸುವ ಸುಳ್ಳುಹರಳು. ಹುಡುಗ ಪಾಪ, ಅಮೆರಿಕದಲ್ಲಿ ಹುಟ್ಟಿ ಬೆಳೆದವನು, “ಹೌದು ಅಜ್ಜಿ, ಹಂಡ್ರೆಡ್ ಪರ್ಸೆಂಟ್ ಅಮೆರಿಕನ್” ಎಂದು ಎದೆಯುಬ್ಬಿಸಿ ಹೇಳಿದನು. “ಇದಕ್ಕೆ ಡಾಲರ್ ಸುರಿದು ಬಂದ್ಯಾ? ದೇವರಾಜ ಮಾರ್ಕೆಟ್ಟಲ್ಲಿ ಇನ್ನೂರು ರೂಪಾಯಿಗೆ ಜೊತೆ ಕೊಡ್ತಾನೆ!” ಎಂದರು ಅಮ್ಮ. ಆ ಸುಳ್ಳುಹರಳು ವಸ್ತುತಃ ಅಮೆರಿಕದ್ದೇ ಅಲ್ಲವೆಂದೂ, 1970ರ ದಶಕದಲ್ಲಿ ಮಾಸ್ಕೋ ನಗರದ ಲೆಬೆಡೆವ್ ಭೌತವಿಜ್ಞಾನ ಸಂಸ್ಥೆಯವರು ಅದನ್ನು ಹರಳುಗಟ್ಟಿಸುವ ವಿಧಾನವನ್ನು ಸಾಧಿಸಿ ತಮ್ಮ ಸಂಸ್ಥೆಯ ಹೆಸರಿನಿಂದಲೇ ‘ಫಿಯಾನಿಟ್’ ಎಂದು ಕರೆದರೆಂದೂ, ಆದಕಾರಣ ಅದನ್ನು ರಷ್ಯನ್ ಡೈಮಂಡೆನ್ನುವುದು ನ್ಯಾಯವೆಂದೂ, ನಿಜವಾದ ವಜ್ರವನ್ನು ಯಂತ್ರದಲ್ಲಿ ಹುಟ್ಟಿಸಿ ಲೋಕಕ್ಕೆ ಮೊದಲು ಸಾರಿದ ಕೀರ್ತಿಯೇ ಅಮೆರಿಕದ್ದೆಂದೂ, 1954ರ ಡಿಸೆಂಬರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ನಮ್ಮ ಮನೆಯಿಂದ ಮೂರು ಗಂಟೆಯ ದಾರಿಯಲ್ಲಿರುವ ಸ್ಕೆನೆಕ್ಟಡಿಯಲ್ಲಿ ಅದನ್ನು ಸಾಧಿಸಿದರೆಂದೂ ನಾನು ಸಾವಧಾನವಾಗಿ ನಿರೂಪಿಸಿದೆನು. ಅಮ್ಮ ಅಷ್ಟೂ ಕೇಳಿ, “ಅಂದ್ರೆ ಫಾರಂದು” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ವಜ್ರವು ಎರಡು ವರ್ಣವಾಯಿತು: ನಾಟಿ ಮತ್ತು ಫಾರಂ. ಟೊಮೆಟೊವಿನಂತೆ, ಕೊತ್ತಂಬರಿ ಸೊಪ್ಪಿನಂತೆ. ಫಾರಂ ವಜ್ರಕ್ಕೆ ಹೊಳಪು ಜಾಸ್ತಿ, ಸತ್ವ ಕಡಮೆ ಎಂಬುದು ಅಮ್ಮನ ಸಿದ್ಧಾಂತ. 2023ರಲ್ಲಿ ನಮ್ಮ ಪ್ರಧಾನಿಯವರೇ ಅಮೆರಿಕದ ಅಧ್ಯಕ್ಷರ ಪತ್ನಿಗೆ ಏಳೂವರೆ ಕ್ಯಾರಟ್ಟಿನ ಪ್ರಯೋಗಶಾಲೆಯ ವಜ್ರವನ್ನು ಕಾಣಿಕೆ ಕೊಟ್ಟರೆಂದು ನನ್ನ ಪತ್ನಿ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಿದಳು. “ಕೊಡೋದಕ್ಕೆ ಅದು ಸಾಕಮ್ಮ” ಎಂದು ಅಮ್ಮ ಅದನ್ನು ಎಡಗೈಯಿಂದ ತಡೆದರು.

ಈ ವಿಷಯದಲ್ಲಿ ಅಮ್ಮನ ಮಾತಿಗೆ ನಮ್ಮ ಮನೆಯಲ್ಲಿ ಸುಪ್ರೀಂ ಕೋರ್ಟಿನ ಮನ್ನಣೆ. ಏಕೆಂದರೆ ಅವರ ಕಿವಿಯಲ್ಲಿ ಏಳು ಹರಳಿನ ಬೆಂಡೋಲೆಗಳಿವೆ. ಅವು ‘ಬ್ಲೂ ಜಾಗರ್’ ಎಂಬುದನ್ನು ಬಾಲ್ಯದಿಂದಲೂ ಮಂತ್ರದಂತೆ ಕೇಳಿದ್ದೇನೆ. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ನೀಲಿಛಾಯೆಯ ಹರಳಿಗೆ ಆ ಹೆಸರು. ಒಂದು ಕಾಲದಲ್ಲಿ ಪ್ರಪಂಚದ ವಜ್ರವೆಲ್ಲ ಬಹುಮಟ್ಟಿಗೆ ನಮ್ಮ ಕೃಷ್ಣಾ ತೀರದ ಕಡೆಯಿಂದಲೇ ಹೋಗುತ್ತಿದ್ದು, ಬಳ್ಳಾರಿಯ ಆಚೆ ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ಇಂದಿಗೂ ಮುಂಗಾರಿನ ಮೊದಲ ಮಳೆಗೆ ಜನ ನೆಲ ನೋಡುತ್ತ ನಡೆಯುವಾಗ, ನಮ್ಮ ಹೆಂಗಸರು ಆಫ್ರಿಕದ ಗಣಿಯ ಹೆಸರನ್ನು ಮಂತ್ರ ಮಾಡಿಕೊಂಡದ್ದು ವಿನೋದವೇ ಸರಿ. ಎರಡು ತಿಂಗಳ ಸಂಬಳದ ಕಥೆಯನ್ನು ನಂಬಿದ ಅಮೆರಿಕದವನನ್ನು ನೋಡಿ ನಗುವ ಹಕ್ಕು ನಮಗೆ ಹೆಚ್ಚಾಗಿಲ್ಲ. ನನ್ನನ್ನು ಕೇಳುವುದಾದರೆ, ಉಂಗುರಕ್ಕೆ ವಜ್ರ ಬೇಕೇ ಬೇಕೆನ್ನುವ ಹುಡುಗಿಗೆ ಫಾರಂ ವಜ್ರವನ್ನೇ ಕೊಡಿಸತಕ್ಕದ್ದು, ಮಿಕ್ಕ ಹಣಕ್ಕೆ ಚಿನ್ನವನ್ನೋ ಅಕ್ಕಿಯನ್ನೋ ಕೊಳ್ಳತಕ್ಕದ್ದು; ಕೊಂಡ ಬೆಲೆಗೆ ವಜ್ರವನ್ನು ಮರಳಿ ಮಾರಿದ ಗೃಹಸ್ಥನನ್ನು ನಾನಿನ್ನೂ ಕಂಡಿಲ್ಲ.

ಇನ್ನು ಸಾರಿನ ವಿಚಾರ. ನಾಟಿಯಾಗಲಿ ಫಾರಂ ಆಗಲಿ, ಹರಳು ಮನೆಗೆ ‘ಆಗಿಬರಬೇಕು’ ಎಂಬುದರಲ್ಲಿ ಅಮ್ಮನಿಗೆ ರಾಜಿಯಿಲ್ಲ. ಆಗಿಬರದ ವಜ್ರ ಮನೆಯನ್ನು ತೊಳೆದುಬಿಡುತ್ತದೆಂದು ಅವರ ಭಯ. ಆದ್ದರಿಂದ ಯಾರಿಗೂ ತಿಳಿಯದಂತೆ ಮೊಮ್ಮಗನ ಮೇಜಿನಿಂದ ಉಂಗುರವನ್ನು ತೆಗೆದು ಮೂರು ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು. ದುಃಸ್ವಪ್ನ ಬೀಳಲಿಲ್ಲ, ಒಂದು ರಾತ್ರಿ ಚಾಮುಂಡಿಬೆಟ್ಟದ ನಂದಿ ಕಂಡಿತಂತೆ. ತೃಪ್ತರಾಗಿ ಭಾನುವಾರ ಬೆಳಗ್ಗೆ ಉಂಗುರವನ್ನು ತೊಳೆದು ಮರಳಿಸಲು ನಿಶ್ಚಯಿಸಿ, ಬೆಂಡೋಲೆ ತೊಳೆಯುವ ಕ್ರಮದಲ್ಲಿಯೇ, ಊರಿನಿಂದ ತಂದಿದ್ದ ಅಂಟುವಾಳವನ್ನು ಒಂದು ಸ್ಟೀಲಿನ ಬಟ್ಟಲಿನಲ್ಲಿ ಕಿವುಚಿ, ಅದರೊಳಗೆ ಉಂಗುರವನ್ನು ನೆನೆಹಾಕಿ, ಒಲೆಯ ಪಕ್ಕದಲ್ಲಿಟ್ಟು ಜಪಕ್ಕೆ ಕುಳಿತರು. ಅಂದು ಸಾರಿನ ಪಾಳಿ ನನ್ನದು. ನಾನು ಹುಣಸೆಹಣ್ಣನ್ನು ಕಿವುಚಿ ಅಂಥದೇ ಬಟ್ಟಲಿನಲ್ಲಿ ಅಲ್ಲಿಯೇ ಇಟ್ಟಿದ್ದೆನು. ಎರಡೂ ಕಂದು, ಎರಡೂ ಗಸಿ. ಯಾವುದು ಪಾತ್ರೆಗೆ ಹೋಯಿತೆಂದು ಬರೆಯಬೇಕೆ?

ಮೊದಲು ಸಣ್ಣಗೆ ಬಿಳಿಯ ನೊರೆ ಕಂಡಿತು. ಬೇಳೆ ಹೊಸದೆಂದು ಭಾವಿಸಿ ಸೌಟಿನಿಂದ ತೆಗೆದೆನು. ತೆಗೆದಷ್ಟೂ ಬಂತು. ಉರಿ ಹೆಚ್ಚಾಯಿತೇನೋ ಎಂದು ತಗ್ಗಿಸಿ, ನೀರು ಕಡಮೆಯಾಯಿತೇನೋ ಎಂದು ಒಂದು ಚೊಂಬು ನೀರು ಸುರಿದೆನು. ಅದೇ ನನ್ನ ಪರಮಾಪರಾಧ. ಆ ಮೇಲೆ ನೊರೆ ಎದ್ದದ್ದಲ್ಲ, ಅವತರಿಸಿತು. ಒಗ್ಗರಣೆಯ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಗಳು ಅದರ ನೆತ್ತಿಯ ಮೇಲೆ ಕುಳಿತು ಉತ್ಸವಮೂರ್ತಿಗಳಂತೆ ಮೇಲಕ್ಕೆ ಮೇಲಕ್ಕೆ ಬಂದವು. ನಾನು ಸೌಟು ಹಿಡಿದು ಕಡೆಯುತ್ತಲೇ ಇದ್ದೆನು. ಕ್ಷೀರಸಾಗರವನ್ನು ಕಡೆಯುವುದಕ್ಕೆ ದೇವದಾನವರು ಅಷ್ಟು ಮಂದಿ ಏಕೆ ಬೇಕಾದರೆಂಬುದು ನನಗೆ ಅಂದು ಅರ್ಥವಾಯಿತು. ಇತ್ತ ಮಹಡಿಯ ಮೇಲೆ ಮಗ, ಆ ಸಂಜೆಯೇ ಕಡಲತೀರದಲ್ಲಿ ಮೊಣಕಾಲೂರಬೇಕಾದವನು, ಖಾಲಿ ಪೆಟ್ಟಿಗೆಯನ್ನು ಕಂಡು ಆರ್ತನಾದ ಮಾಡಿದನು. ಜಪದಿಂದೆದ್ದು ಬಂದ ಅಮ್ಮ ಮೊದಲು ಹುಣಸೆಯ ಬಟ್ಟಲನ್ನೂ, ಆಮೇಲೆ ನೊರೆಯನ್ನೂ, ಕಡೆಗೆ ನನ್ನನ್ನೂ ನೋಡಿ, “ಅಯ್ಯೋ, ಅಂಟುವಾಳ!” ಎಂದು ಕೂಗಿದರು. ಆ ಘಳಿಗೆಯಲ್ಲಿ ಅವರಿಗೆ ಮರುಕವಾದದ್ದು ಅಂಟುವಾಳಕ್ಕೋ ಉಂಗುರಕ್ಕೋ ಈವರೆಗೆ ನಿರ್ಣಯವಾಗಿಲ್ಲ.

ಐವತ್ತರ ಗಡಿ ದಾಟಿದ ತಂದೆಯೂ ಇಪ್ಪತ್ತೆಂಟರ ಮಗನೂ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಸಾರನ್ನು ಜರಡಿ ಹಿಡಿದ ದೃಶ್ಯವನ್ನು ಕಾಳಿದಾಸನೇ ವರ್ಣಿಸಬೇಕು. ಶಕುಂತಲೆಯ ಉಂಗುರವನ್ನು ಮೀನು ನುಂಗಿತು. ನಮ್ಮದು ಸಸ್ಯಾಹಾರಿಗಳ ಮನೆಯಾದ್ದರಿಂದ ಆ ಕೆಲಸವನ್ನು ಸಾರು ಮಾಡಿತು. ವಜ್ರವೂ ಇದ್ದಿಲಿನ ಸೋದರನೇ ಆದ್ದರಿಂದ ಬಿಸಿಗೆ ಉರಿದುಹೋಗಬಹುದೆಂದು ಮಗ ನಡುಗುತ್ತಿದ್ದನು. ಅದನ್ನು ಉರಿಸುವುದಕ್ಕೆ 1772ರಲ್ಲಿ ಲವಾಸಿಯೇ ಪಂಡಿತನು ದೊಡ್ಡ ಮಸೂರದಿಂದ ಸೂರ್ಯನನ್ನೇ ಹಿಡಿದು ನಿಲ್ಲಿಸಬೇಕಾಯಿತೆಂದು ನಾನು ಸಮಾಧಾನ ಹೇಳುತ್ತಿರುವಾಗಲೇ, ಬೇಳೆಯ ಅಡಿಯಿಂದ ಕೌಸ್ತುಭವು ಮೇಲೆ ಬಂತು. ಫಳಫಳ ಹೊಳೆಯುತ್ತಿತ್ತು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಪರವಾಗಿಲ್ಲ, ಫಾರಂ ಆದರೂ ಗಟ್ಟಿ” ಎಂದರು. ಸಂಜೆ ಕಡಲತೀರದಲ್ಲಿ ಹುಡುಗಿ ಒಪ್ಪಿದಳು. ಉಂಗುರದಿಂದ ಇಂಗಿನ ಪರಿಮಳ ಬರುತ್ತಿರುವುದೇಕೆಂದು ಕೇಳಿದಾಗ ನನ್ನ ಮಗ ಅದು ನಮ್ಮ ಮನೆತನದ ಒಂದು ಪುರಾತನ ಸಂಸ್ಕಾರವೆಂದು ಹೇಳಿಬಿಟ್ಟನಂತೆ. ಓಹಾಯೋದ ಬೀಗಿತ್ತಿ ಈಗ ಅದರ ವಿಧಿವಿಧಾನವನ್ನು ಬರೆದು ಕಳುಹಿಸಬೇಕೆಂದು ಕೇಳಿದ್ದಾರೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪವಿತ್ತು. ಅಮ್ಮ ತಳದಲ್ಲಿ ಉಳಿದಿದ್ದ ಎರಡು ಅಂಟುವಾಳದ ಸಿಪ್ಪೆಯನ್ನು ನೆನೆಸಿ ತಮ್ಮ ಬೆಂಡೋಲೆಗಳನ್ನು ಉಜ್ಜುತ್ತಿದ್ದರು. ಓಲೆಯಿಲ್ಲದ ಕಿವಿಯಲ್ಲಿ ಅವರು ಬಹಳ ಸಣ್ಣವರಾಗಿ ಕಂಡರು. ಬ್ಲೂ ಜಾಗರನ್ನು ಮುಂದೆ ಸೊಸೆಗೆ ಕೊಡುವಿರೋ ಮೊಮ್ಮಗನ ಹೆಂಡತಿಗೋ ಎಂದು ನಾನು ಸಲುಗೆಯಿಂದ ಕೇಳಿದೆನು. ಅವರು ತಲೆಯೆತ್ತದೆ, “ಇದೂ ಅಮೆರಿಕನ್ ಡೈಮಂಡೇ ಕಣೋ” ಎಂದರು.

1986ರಲ್ಲಿ ನನ್ನ ತಂದೆ ಸಹೋದ್ಯೋಗಿಯೊಬ್ಬನಿಗೆ ಜಾಮೀನು ನಿಂತು, ಆ ಪುಣ್ಯಾತ್ಮ ಊರು ಬಿಟ್ಟಾಗ, ಅಮ್ಮ ಅಸಲು ಓಲೆಗಳನ್ನು ಅಶೋಕ ರಸ್ತೆಯಲ್ಲಿ ಮಾರಿ, ಅದೇ ಅಳತೆಯ ಸುಳ್ಳುಹರಳನ್ನು ಕೂರಿಸಿಕೊಂಡು ಬಂದರಂತೆ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲವಂತೆ. ಹಣ ತವರಿನದೆಂದು ತಂದೆಗೆ ಹೇಳಿದ್ದರು. “ಪ್ರತಿ ದೀಪಾವಳಿ ನಿಮ್ಮಪ್ಪ ನೋಡಿ, ಬ್ಲೂ ಜಾಗರ್ ಅಂದ್ರೆ ಬ್ಲೂ ಜಾಗರೇ ಅನ್ನೋರು. ನಾನೂ ಹೂಂ ಅನ್ನೋಳು” ಎಂದು ಹೇಳಿ, ಓಲೆಯನ್ನು ಸೆರಗಿನಿಂದ ಒರೆಸಿ, ಕಿವಿಗೆ ಏರಿಸಿ, ತಿರುಪನ್ನು ಬಿಗಿದುಕೊಂಡರು. ಹುಡುಗನಿಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡರು. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಫಾರಂ ವಜ್ರದ ನ್ಯೂನತೆಗಳ ವಿಷಯದಲ್ಲಿ ಅವನಿಗೆ ಯಥಾಪ್ರಕಾರ ಉಪನ್ಯಾಸ ನಡೆಯಿತು.

ಮೈಸೂರಿನಿಂದ ಈ ಕಡೆಗೆ ಬರುವ ಓದುಗರು ಯಾರಾದರೂ ಇದ್ದರೆ ಒಂದು ವಿಜ್ಞಾಪನೆ. ಅಮ್ಮನ ಅಂಟುವಾಳ ಸಂಪೂರ್ಣವಾಗಿ ಮುಗಿದಿದೆ. ಅರ್ಧ ಕಿಲೋ ಸಾಕು, ಪುಡಿಯಾದರೂ ಆದೀತು, ಖರ್ಚನ್ನು ಕೊಡುತ್ತೇನೆ. ಪೊಟ್ಟಣ ಕಟ್ಟುವುದಕ್ಕೆ ಮಾತ್ರ ದಯವಿಟ್ಟು ಈ ಹಾಳೆಯನ್ನು ಉಪಯೋಗಿಸಬೇಡಿ. ನನ್ನ ತಾಯಿ ಪೊಟ್ಟಣದ ಕಾಗದವನ್ನೂ ಬಿಡದೆ ಓದುತ್ತಾರೆ.