ಮಹಡಿ ಮನೆಯ ನೆಲ

ಅಕ್ಕಾ, ಇನ್ನೂ ಟೈಲ್ಸ್ ಆರಿಸ್ತಾನೇ ಇದೀರಾ? ಆ ಹಾಲಿನಂಥ ಬಿಳೀದು ಬೇಡ ಬಿಡಿ. ಚೆನ್ನಾಗಿಲ್ಲ ಅನ್ನಲ್ಲ. ಆದ್ರೆ ಮಹಡಿ ಮೇಲೆ ಇರೋರು ನೀವಲ್ವಲ್ಲ! ಬಾಡಿಗೆಗೆ ಬರೋರು ಕೇಳೋದು ನೀರು ಬರುತ್ತಾ, ಗಾಡಿ ನಿಲ್ಸೋಕೆ ಜಾಗ ಇದೆಯಾ, ಅಡ್ವಾನ್ಸ್ ಎಷ್ಟು ಅಂತ. ನೆಲ ಯಾರು ನೋಡ್ತಾರೆ? ಅವರು ಖಾಲಿ ಮಾಡಿ ಹೋದ್ಮೇಲೆ ನಾವು ಬಗ್ಗಿ ಬಗ್ಗಿ ನೋಡ್ಕೊಂಡು ಹೊಟ್ಟೆ ಉರ್ಕೋಬೇಕು, ಅಷ್ಟೇ.

ಗೋಡೆಗಾದ್ರೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೋತೀವಿ. ನೆಲಕ್ಕೆ ಏನಂತ ಮುರ್ಕೊಳ್ಳೋದು? ಒಂದು ಟೈಲ್ ಒಡೆದ್ರೆ ಅದೇ ಬಣ್ಣದ್ದು ಆಮೇಲೆ ಸಿಗಲ್ಲ. ಕಂಪನಿ ಅದೇ, ನಂಬರ್ ಅದೇ ಆದ್ರೂ ಲಾಟ್ ಬದಲಾದ್ರೆ ಶೇಡ್ ಬದಲು. ಎರಡು ಪೆಟ್ಟಿಗೆ ಜಾಸ್ತಿ ತರಿಸಿ ಅಟ್ಟದ ಮೇಲೆ ಹಾಕಿಡಿ. ನಿಮ್ಮ ಅಟ್ಟದ ಮೇಲೆ, ಅವರ ಅಟ್ಟದ ಮೇಲಲ್ಲ.

ನಮ್ಮಮ್ಮನ ಮನೆ ರೆಡ್ ಆಕ್ಸೈಡ್ ನೆಲ ಈಗ್ಲೂ ಮುಖ ಕಾಣೋ ಹಾಗಿದೆ ನೋಡಿ. ಆದ್ರೆ ಅಷ್ಟು ತಿಕ್ಕಿ ನಯ ಮಾಡೋ ಗಾರೆ ಕೆಲಸದೋರು ಈಗ ಎಲ್ಲಿದಾರೆ? ಬಿರುಕು ಬಿಟ್ಟ ಕಡೆ ತೇಪೆ ಹಾಕಿದ್ರೆ ಆ ತೇಪೆ ಜನ್ಮಪೂರ್ತಿ ಎದ್ದು ಕಾಣುತ್ತೆ. ಮಾರ್ಬಲ್ ಅಂತೂ ಮಾತೇ ಎತ್ತಬೇಡಿ. ನಿಂಬೆ ರಸವೋ ಹುಣಸೆ ನೀರೋ ಬಿತ್ತು ಅಂದ್ರೆ ಆ ಜಾಗದ ಹೊಳಪು ಹೋಯ್ತು. ಅಡುಗೆಮನೆಗೆ ಗ್ರಾನೈಟೇ ಸರಿ. ಹುಳಿಗೆ ಅದು ಜಗ್ಗಲ್ಲ, ಏಟಿಗೂ ಸುಲಭಕ್ಕೆ ಜಗ್ಗಲ್ಲ. ತುಂಬಿದ ಸಿಲಿಂಡರ್ 30 ಕೆ.ಜಿ. ಹತ್ತಿರ ತೂಗುತ್ತೆ, ಅದನ್ನ ಹೊತ್ಕೊಂಡು ಮೂರು ಸಾಲು ಮೆಟ್ಟಿಲು ಹತ್ತಿ ಬಂದೋನು ಮೆತ್ತಗೆ ಇಡ್ತಾನಾ? ಧಡ್ ಅಂತ ಇಡ್ತಾನೆ. ಪಾಪ, ಅವನ ತಪ್ಪೂ ಅಲ್ಲ.

ರೂಮಿಗೆಲ್ಲ ವಿಟ್ರಿಫೈಡ್ ಸಾಕು, ಆದ್ರೆ ಡಬಲ್ ಚಾರ್ಜ್ ಅಂತ ಕೇಳಿ ತಗೊಳ್ಳಿ. ಅದರಲ್ಲಿ ಮೇಲಿನ ಬಣ್ಣದ ಪದರವೇ ಮೂರ್ನಾಲ್ಕು ಮಿ.ಮೀ. ದಪ್ಪ ಇರುತ್ತೆ. ಅಂಗಡಿಯೋನು ತೋರಿಸೋ ಮರದ ಗೆರೆ, ಅಮೃತಶಿಲೆ ಗೆರೆ ಎಲ್ಲ ಮೇಲಿನ ತೆಳು ಅಚ್ಚು. ಮಂಚ ಎಳೆದಾಡಿ ಗೀರು ಬಿದ್ರೆ ಒಳಗಿನ ಮಣ್ಣಿನ ಬಣ್ಣ ಇಣುಕುತ್ತೆ. ಬಣ್ಣ ತೀರಾ ಬಿಳಿನೂ ಬೇಡ, ಕಪ್ಪೂ ಬೇಡ. ಕಪ್ಪಿನ ಮೇಲೆ ಧೂಳು ಇನ್ನೂ ಚೆನ್ನಾಗಿ ಕಾಣುತ್ತೆ. ಚುಕ್ಕಿ ಚುಕ್ಕಿ ಇರೋ ಬೂದುಬಣ್ಣ ನೋಡಿ. ನೋಡೋಕೆ ಸಪ್ಪೆ, ಬಾಡಿಗೆ ಮನೆಗೆ ಸಪ್ಪೆಯೇ ಲಾಯಕ್ಕು.

ಬಚ್ಚಲಿಗೆ ಮಾತ್ರ ಜಾರದೇ ಇರೋ ಮ್ಯಾಟ್ ಫಿನಿಶ್ ಟೈಲ್. ಅಲ್ಲಿ ಟೈಲಿಗಿಂತ ಸಂದಿಗೇ ಆಪತ್ತು ಜಾಸ್ತಿ. ಒಂದು ಬಾಟ್ಲಿ ಆಸಿಡ್ ತಂದು ಸುರಿದ್ರು ಅಂದ್ರೆ ಸಂದಿಗೆ ತುಂಬಿದ ಸಿಮೆಂಟೆಲ್ಲ ತಿಂದ್ಹಾಕುತ್ತೆ, ಆಮೇಲೆ ನೀರು ಇಳಿಯೋದು ನಿಮ್ಮ ತಾರಸಿಗೆ. ಎಪಾಕ್ಸಿ ತುಂಬಿಸಿ, ದುಡ್ಡು ಜಾಸ್ತಿ ಆದ್ರೂ ಆಗ್ಲಿ. ಕರಾರು ಪತ್ರದಲ್ಲಿ ಆಸಿಡ್ ಹಾಕಬೇಡಿ ಅಂತ ಬರೆಸಿದ್ರೆ ಯಾರು ಕೇಳ್ತಾರೆ!

ಮೇಸ್ತ್ರಿ ಕೂರಿಸುವಾಗ ಪಕ್ಕದಲ್ಲೇ ನಿಂತಿರಿ. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಸಿಮೆಂಟ್ ಇಟ್ಟು ಒತ್ತಿಬಿಟ್ರೆ ಕೆಳಗೆಲ್ಲ ಟೊಳ್ಳು. ನಾಣ್ಯದಲ್ಲಿ ತಟ್ಟಿ ನೋಡಿ, ಗೊತ್ತಾಗುತ್ತೆ. ಹಾಂ, ಇನ್ನೊಂದು. ಸಾಲು ಬಾಗಿಲ ಕಡೆಯಿಂದ ಹಿಡೀಲಿ. ಕತ್ತರಿಸಿದ ತುಂಡೆಲ್ಲ ಮಂಚದ ಕೆಳಗೆ ಹೋಗ್ಲಿ.