ಮುಕ್ಕಾಲು ಮೇಷ್ಟ್ರು

ಏಪ್ರಿಲ್ ಬಂತೆಂದರೆ ಲಂಡನ್ನಿನ ಹೌನ್ಸ್ಲೋ, ಹ್ಯಾರೋ ಕಡೆಯ ಪಾರ್ಕುಗಳಲ್ಲಿ ಮಂಕಿಕ್ಯಾಪುಗಳು ಅರಳುತ್ತವೆ. ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಮಗಳ ಮನೆಗೋ ಮಗನ ಮನೆಗೋ ಬಂದಿಳಿದ ತಾತಂದಿರು. ಇವರಲ್ಲಿ ರಿಟೈರ್ಡ್ ಬ್ಯಾಂಕ್ ಮ್ಯಾನೇಜರಿಂದ ಅಪಾಯವಿಲ್ಲ; ಮನೆ ಸಾಲದ ಮೊತ್ತ ಕೇಳಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ರಿಟೈರ್ಡ್ ಇಂಜಿನಿಯರು ನಲ್ಲಿ ರಿಪೇರಿ ಮಾಡಿ ಇನ್ನಷ್ಟು ಸೋರಿಸುತ್ತಾರೆ, ಅಷ್ಟೆ. ಹೆದರಬೇಕಾದ್ದು ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರಿಗೆ. ಇದು ಸಾಮಾನ್ಯವಾಗಿ ಹೇಳುತ್ತಿರುವ ಮಾತು. ನಮ್ಮ ಮಾವನವರೂ ತುಮಕೂರು ಕಡೆ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು ಎಂಬುದು ಕೇವಲ ಕಾಕತಾಳೀಯ.

ಈ ಮೇಷ್ಟ್ರಿಗೆ ದುಂಡಗಿರುವುದೆಲ್ಲ ಪಾಠದ ಸಾಮಾನು. ದೋಸೆ, ಚಪಾತಿ, ಮಾರಿ ಬಿಸ್ಕತ್ತು, ಕೊನೆಗೆ ನನ್ನ ಬಿಪಿ ಮಾತ್ರೆ. "ತಿನ್ನಬೇಡ ಪುಟ್ಟಿ, ಇದರಲ್ಲಿ ಅರ್ಧ ಎಲ್ಲಿದೆ ತೋರಿಸು." ನಮ್ಮ ಮಗಳು ಪುಟ್ಟಿ ತೋರಿಸುವಷ್ಟರಲ್ಲಿ ದೋಸೆ ಚರ್ಮವಾಗಿರುತ್ತದೆ.

ಇಂಗ್ಲೆಂಡಿನ ನ್ಯಾಷನಲ್ ಕರಿಕ್ಯುಲಮ್ ಪ್ರಕಾರ ಇಯರ್ ಒನ್‌ನಲ್ಲಿ, ಅಂದರೆ ಐದಾರು ವರ್ಷಕ್ಕೆ, ಮಗು ಅರ್ಧ ಮತ್ತು ಕಾಲು ಕಲಿತರೆ ಸಾಕು. ಮುಕ್ಕಾಲು ಇಯರ್ ಟೂಗೆ. ಇದನ್ನು ಮಾವನವರಿಗೆ ಹೇಳಿದವನು ನಾನೇ. "ಅರ್ಧ ಬಂತು, ಕಾಲು ಬಂತು, ಎರಡನ್ನೂ ಕೂಡಿಸೋಕೆ ಒಂದು ವರ್ಷ ರಜವೇ?" ಎಂದರು. ಅಂದು ಸಂಜೆಯಿಂದಲೇ ನಮ್ಮ ಫ್ಲಾಟಿನಲ್ಲಿ ಮುಕ್ಕಾಲರ ಮಗ್ಗಿ ಶುರುವಾಯಿತು. ಮುಕ್ಕಾಲೆರಡ್ಲ ಒಂದೂವರೆ, ಮುಕ್ಕಾಲ್ಮೂರ್ಲ ಎರಡೂಕಾಲು, ಮುಕ್ಕಾಲ್ನಾಲ್ಕ್ಲ ಮೂರು. ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಹಿಂದಿನಿಂದ ಈ ಘೋಷ ಕೇಳಿದ ಸಹೋದ್ಯೋಗಿಯೊಬ್ಬ ಪ್ರಾರ್ಥನೆಯೇ ಎಂದು ವಿಚಾರಿಸಿದ. ಹೌದೆಂದೆ.

ಲಂಡನ್ನಿನ ಮೇಲೆ ಅವರ ದೂರುಗಳೂ ಭಿನ್ನರಾಶಿಯವೇ. ಬಸ್ಸಿನ ಹಾಫ್ ಟಿಕೆಟ್ ತೋರಿಸಿ ಅರ್ಧ ಕಲಿಸುವುದು ಅವರ ಹಳೆಯ ವಿದ್ಯೆ. ಇಲ್ಲಿನ ಬಸ್ಸಿನಲ್ಲಿ 11 ತುಂಬದ ಮಕ್ಕಳಿಗೆ ದುಡ್ಡೇ ಇಲ್ಲ. 60 ದಾಟಿದವರ ಪುಕ್ಕಟೆ ಕಾರ್ಡು ಇಲ್ಲೇ ವಾಸವಾಗಿರುವವರಿಗೆ ಮಾತ್ರ. "ಮಗುವಿಗೆ ಸೊನ್ನೆ, ನನಗೆ ಪೂರ್ತಿ. ಅರ್ಧಕ್ಕೆ ಈ ಊರಲ್ಲಿ ಮರ್ಯಾದೆಯೇ ಇಲ್ಲ." ಅಂಗಡಿಯಲ್ಲಿ ಪೌಂಡಿನ ಕಾಲು ತೋರಿಸೋಣವೆಂದರೆ 20 ಪೆನ್ಸ್ ನಾಣ್ಯ ಉಂಟು, 50 ಉಂಟು, 25 ಇಲ್ಲ. 2011ರ ಜೂನ್ ಕೊನೆಗೆ ಚಲಾವಣೆ ನಿಂತ ನಮ್ಮ ನಾಲ್ಕಾಣೆಗಳನ್ನು ಅವರು ಡಬ್ಬಿಯಲ್ಲಿ ತುಂಬಿಕೊಂಡು ಬಂದದ್ದು ಅದಕ್ಕೇ ಇರಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ರಿಂಡ್ ಪಪೈರಸ್ ಎಂಬ ಈಜಿಪ್ಟಿನ ಲೆಕ್ಕದ ಸುರುಳಿಯಿದೆ, ಅಹ್ಮೋಸ್ ಎಂಬ ಲಿಪಿಕಾರ ಸುಮಾರು ಕ್ರಿ.ಪೂ. 1550ರಲ್ಲಿ ನಕಲು ಮಾಡಿದ್ದು. ಅದರಲ್ಲಿ ಹತ್ತು ಜನರಿಗೆ ರೊಟ್ಟಿ ಹಂಚುವ ಲೆಕ್ಕಗಳಿವೆ. ಒಂಬತ್ತು ರೊಟ್ಟಿಯಾದರೆ ತಲೆಗೆ ಮೂರರಲ್ಲಿ ಎರಡು ಪಾಲು, ಐದರಲ್ಲೊಂದು, ಮೂವತ್ತರಲ್ಲೊಂದು. ಇದನ್ನು ಮಾವನವರು ಫೋನಿನಲ್ಲಿ ಓದಿದ ವಾರವೇ ನಮ್ಮ ಮನೆಗೆ ನೆಂಟರು ಬಂದರು. ಸಂಜೆ ಕಾಫಿಯ ಹೊತ್ತಿಗೆ ಉಳಿದಿದ್ದ ಒಬ್ಬಟ್ಟು ಒಂಬತ್ತು. ತಲೆ ಹತ್ತು.

ಒಬ್ಬರು, "ನನಗೆ ಶುಗರ್ ಇದೆ, ಬೇಡಿ" ಎಂದರು. ಸಮಸ್ಯೆ ಅಲ್ಲಿಗೇ ಮುಗಿಯಬೇಕಿತ್ತು. "ಲೆಕ್ಕ ಕೆಡಿಸಬೇಡಿ, ಕೂತ್ಕೊಳ್ಳಿ" ಎಂದರು ಮೇಷ್ಟ್ರು.

ಚಾಕು ಬಂತು. ಏಳು ಒಬ್ಬಟ್ಟಿನಿಂದ ಏಳು ಜನರಿಗೆ ಮೂರರಲ್ಲೆರಡು ಪಾಲು. ಉಳಿದ ಏಳು ಚೂರುಗಳಲ್ಲಿ ಮಿಕ್ಕ ಮೂವರಿಗೆ ಎರಡೆರಡು. ಇನ್ನೆರಡು ಒಬ್ಬಟ್ಟು ಐದೈದು ಹೋಳು. ಕೊನೆಗೆ ಉಳಿದ ಒಂದೇ ಚೂರು ಹತ್ತು ಭಾಗವಾಗಬೇಕು. ಹೂರಣ ಉದುರುತ್ತಿತ್ತು, ಕಾಫಿ ಕೆನೆಗಟ್ಟುತ್ತಿತ್ತು; ಸಾಫ್ಟ್‌ವೇರಿನವನಾದ ನಾನು ಮೇಜಿನ ಕೆಳಗೆ ಕ್ಯಾಲ್ಕುಲೇಟರ್ ಒತ್ತಿ ನೋಡುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಇನ್ನೂ ಸಿಟ್ಟು. ತಟ್ಟೆಗಳನ್ನು ಹಂಚಿದ ಮೇಲೆ ಪುಟ್ಟಿ ಎಣಿಸಿ ಗೋಳೋ ಎಂದು ಅತ್ತಳು. "ಆ ಅಂಕಲ್‌ಗೆ ನಾಲ್ಕು, ನಂಗೆ ಮೂರೇ!"

ನಾಲ್ಕು ಸಿಕ್ಕಿದ್ದು ಶುಗರಿನವರಿಗೆ. ಮೇಷ್ಟ್ರು ಅವರ ಎರಡು ಚೂರು ಜೋಡಿಸಿ, ಪುಟ್ಟಿಯದರ ಮೇಲಿಟ್ಟು, "ನೋಡು, ಎರಡೂ ಸಮ" ಎಂದರು. ಅಂಚು ಕೂಡಲಿಲ್ಲ. ಶುಗರಿನವರು ಇಡೀ ತಟ್ಟೆಯನ್ನೇ ಅವಳ ಮುಂದೆ ಸರಿಸಿ ನಿಟ್ಟುಸಿರಿಟ್ಟರು. ಈ ಕಷ್ಟ ಮಾತ್ರ ನಿಜವಾದದ್ದು. ಸಣ್ಣ ಮಗುವಿಗೆ ಚೂರು ಹೆಚ್ಚಿದಷ್ಟೂ ತಿಂಡಿ ಹೆಚ್ಚು. ನಾಲ್ಕು ಮೂರಕ್ಕಿಂತ ದೊಡ್ಡದೆಂದು ಕಲಿಸಿದವರು ನಾವೇ ಅಲ್ಲವೇ, ಕಾಲು ಮಾತ್ರ ಮೂರರಲ್ಲೊಂದಕ್ಕಿಂತ ಚಿಕ್ಕದೆಂದರೆ ಅದು ಹೇಗೆ ನಂಬೀತು? ಮರುದಿನ ಮಾವನವರು ಚಾಕು ಬಿಟ್ಟು ಹಳೆಯ ಪೇಪರ್ ಹಿಡಿದರು. ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ಬೇಜಾರೇ ಇಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ನಂಗೆ ಅಪ್ಪ ಒಂದು ದಿನಾನೂ ಹೀಗೆ ಕೂತು ಹೇಳಿಕೊಡಲಿಲ್ಲ. ಕ್ಲಾಸಲ್ಲಿ ನಲವತ್ತು ಮಕ್ಕಳು. ನನ್ನ ಪಾಲಿಗೆ ನಲವತ್ತರಲ್ಲೊಂದು ಅಪ್ಪ" ಎಂದಳು. ನಾನೇನೂ ಹೇಳಲಿಲ್ಲ. ಅಂದು ದೋಸೆ ಆರಿದರೂ ಗೊಣಗಲಿಲ್ಲ ಎನ್ನುವುದಷ್ಟೇ ನನ್ನ ಸಾಧನೆ.

ಚಳಿ ಬರುವ ಮೊದಲು ಅವರು ಊರಿಗೆ ಹೋದರು. ಅಕ್ಟೋಬರ್ ಕೊನೆಗೆ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಮಗೂ ಅವರಿಗೂ ಐದೂವರೆ ಗಂಟೆಯ ಅಂತರ. ಆ ಅರ್ಧ ಗಂಟೆಯನ್ನು ಪುಟ್ಟಿ ಎಂದೂ ಮರೆಯುವುದಿಲ್ಲ: ನಮಗೆ ಎಂಟು, ತಾತನಿಗೆ ಒಂದೂವರೆ. ಭಾನುವಾರ ಅವರ ಊಟ ಮುಗಿದು ನಮ್ಮ ದೋಸೆ ಏಳುವ ಹೊತ್ತಿಗೆ ವಾಟ್ಸಾಪ್ ವಿಡಿಯೋ ಬರುತ್ತದೆ. ಮೊನ್ನೆ ನಾನು ದೋಸೆ ಎರಡು ಹೋಳು ಮಾಡಿ ಕ್ಯಾಮೆರಾಕ್ಕೆ ಹಿಡಿದೆ.

"ಎಡಗಡೇದು ದೊಡ್ಡದಾಯ್ತು" ಎಂದರು.

"ದೊಡ್ಡ ಅರ್ಧ ನಂಗೆ!" ಎಂದಳು ಪುಟ್ಟಿ.

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಫೋನ್ ಇಡಬೇಡಿ ಅಳಿಯಂದ್ರೇ. ಇನ್ನೊಂದು ಹುಯ್ಯಿರಿ."