ನಾನು ಸಮಾಜವಾದ ಪ್ರಸಂಗ

ಮಗು ಮಾತು ಕಲಿತ ಮೇಲೂ ಅದರ ಪರವಾಗಿ ತಾವೇ ಮಾತಾಡುವ ತಂದೆತಾಯಿ ಎಲ್ಲ ಊರಲ್ಲೂ ಇದ್ದಾರೆ. "ಹೆಸರೇನವಾ?" ಎಂದು ಮಗುವನ್ನು ಕೇಳಿದರೆ ತಾಯಿ ಹೇಳುತ್ತಾಳೆ, "ಎಷ್ಟನೇ ಕ್ಲಾಸು?" ಎಂದರೆ ತಂದೆ ಹೇಳುತ್ತಾನೆ, ಪರ್ಸೆಂಟೇಜು ಸಮೇತ. ಈ ಕುಲದಲ್ಲಿ ಇತ್ತೀಚೆಗೆ ಹುಟ್ಟಿಕೊಂಡ ಶಾಖೆಯೆಂದರೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಅಪ್ಪ. ಇವನ ಸಂಕಟವೇ ಬೇರೆ. "ಯಾವ ಸಾಲಿ?" ಎಂಬ ಪ್ರಶ್ನೆ ಉಳಿದವರಿಗೆ ಒಂದು ಹೆಸರಿನಲ್ಲಿ ಮುಗಿದರೆ, ಇವನಿಗೆ ಅದಕ್ಕೊಂದು ಪೀಠಿಕೆ ಬೇಕು, ಆಧಾರ ಬೇಕು, ಉಪಸಂಹಾರ ಬೇಕು.

ನನ್ನ ಪಾಲಿಗೆ ಬಂದ ಮಾದರಿ ಎದುರುಮನೆಯಲ್ಲೇ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ನೌಕರಿಯನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಧಾರವಾಡಕ್ಕೆ ಮರಳಿದ ಗೃಹಸ್ಥರು. ಹತ್ತು ವರ್ಷದ ಮಗಳು, ಎಂಟರ ಮಗ, ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಅದೂ ಎಲ್ಲಿ? ವಿದ್ಯಾಕಾಶಿ ಎನಿಸಿಕೊಂಡ ಧಾರವಾಡದಲ್ಲಿ! ಲೈನ್ ಬಜಾರಿನ ಪೇಢೆ ಅಂಗಡಿ ಮುಂದೆ ನಿಂತು ಸಕ್ಕರೆ ಬಿಟ್ಟಿದ್ದೇನೆ ಅಂದ ಹಾಗೆ. ಅದೂ ಯಾರೆದುರಿಗೆ? ಜೀವಮಾನವಿಡೀ ಹಾಜರಿ ಕೂಗಿ ನಿವೃತ್ತನಾದ ಕನ್ನಡ ಮಾಸ್ತರನ ಎದುರಿಗೆ.

ಮೊದಮೊದಲು ನನಗೆ ಸಿಟ್ಟೇ ಬಂದಿತ್ತು. ನಮ್ಮ ಹುಡುಗರು ನಾಲ್ಕಕ್ಷರ ಕಲಿಯಲಿ ಎಂದು 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮಠಗಳು ಜೋಳ ಬೇಡಿ ತಂದು ಪ್ರಸಾದ ನಿಲಯ ನಡೆಸಿದವು. ಅಂಥದೊಂದು ನಿಲಯದ ನುಚ್ಚು, ಸಾರು ಉಂಡೇ ನಾನು ಮಾಸ್ತರನಾದದ್ದು. ಇದನ್ನೆಲ್ಲ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಅವರಿಗೆ ಹೇಳಿದೆ. ಅವರು ಕೈಮುಗಿದು, "ಅವರೆಲ್ಲಾ ಕಲಿಸಿದ್ದಕ್ಕ ಈಗ ನಮಗ ಮನ್ಯಾಗ ಕಲಿಸೋ ಧೈರ್ಯ ಬಂದೈತ್ರಿ ಮಾಸ್ತರ್ರ" ಅಂದರು. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಉತ್ತರಿಸಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಇವರು ಆಗಲೇ ಹೊರಗೆ ನಿಂತಿದ್ದರು.

ಅವರ ಮಿಕ್ಕ ಗುಣಗಳು ಸಹಿಸುವಂಥವೇ. ಕಾಯಿಪಲ್ಲೆ ತೂಗುವವಳ ಮುಂದೆ ಮಗಳಿಂದ ಲೆಕ್ಕ ಮಾಡಿಸುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಆವಿಯ ಪಾಠ. ನಿಜವಾಗಿ ಕಲಿಸುವವಳು ಅವರ ಹೆಂಡತಿ. ಆಕೆ ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಸಹಿಸಲಾಗದ್ದು ಕಾರ್ಡು. ಮಂದಿ ಏನೇನು ಕೇಳಬಹುದೋ ಅದನ್ನೆಲ್ಲ ಊಹಿಸಿ, ಉತ್ತರ ಬರೆದು, ಲ್ಯಾಮಿನೇಶನ್ ಮಾಡಿಸಿಟ್ಟಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೊಂದು ಕಾರ್ಡು: ಅದು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು 10ನೇ ಕಲಮು ಹೇಳುತ್ತದೆ, ಸೇರಿಸದಿದ್ದರೆ ಪಾಲಕರಿಗೆ ದಂಡವೆಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಕಾಯ್ದೆ ಬಾಯಿ ಮುಚ್ಚಿಕೊಂಡ ಜಾಗವನ್ನೇ ಇವರು ಆಶೀರ್ವಾದ ಎಂದುಕೊಂಡಿದ್ದಾರೆ. ಮುಕ್ತ ಶಾಲೆಯ ಎನ್‌ಐಓಎಸ್ ಬೋರ್ಡಿಗೊಂದು ಕಾರ್ಡು: 14 ತುಂಬಿದರೆ ನೇರವಾಗಿ ಹತ್ತನೇತ್ತೆ ಪರೀಕ್ಷೆಗೆ ಕೂಡಬಹುದು, ವರ್ಷಕ್ಕೆರಡು ಸಲ ಪರೀಕ್ಷೆ. ಕೊರಳಲ್ಲಿರುವ ಇಷ್ಟಲಿಂಗದ ಬಗ್ಗೆ ಎರಡೂ ಬದಿಗೆ ಬರೆದ ಕಾರ್ಡು.

ಒಂದು ದಿನ ಸಂಜೆ ಬಂದರು. "ಮಾಸ್ತರ್ರ, ಐತವಾರ ಅರ್ಧಾ ತಾಸು ನೀವು ಸಮಾಜ ಆಗಬೇಕ್ರಿ."

"ಯಾವ ಸಮಾಜ?" ಅಂದೆ, ಚಂದಾ ಕೇಳಲು ಬಂದಿರಬೇಕೆಂದು.

"ಸಮಾಜ ಅಂದ್ರ ಮಂದಿ ರೀ. ಮದುವ್ಯಾಗ, ಬಸ್ಸಿನ್ಯಾಗ ಕೇಳ್ತಾರಲ್ಲ, ಹಂಗ ಕೇಳ್ರಿ. ಹುಡುಗರಿಗೆ ರೂಢಿ ಆಗಲಿ."

ಐತವಾರ ಆರಾಮ ಕುರ್ಚಿಯಲ್ಲಿ ಸಮಾಜವಾಗಿ ಕೂತೆ. ಎದುರಿಗೆ ಹಣೆ ತುಂಬ ವಿಭೂತಿಯ ಎರಡು ಮಕ್ಕಳು, ಪಕ್ಕದಲ್ಲಿ ಕಾರ್ಡು ಹಿಡಿದ ಅಪ್ಪ.

"ಯಾವ ಸಾಲಿವಾ ನಿಂದು?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ತಡೆದರು, ಅವಳನ್ನಲ್ಲ, ನನ್ನನ್ನು. "ಭಾಳ ಪ್ರೀತಿಲೆ ಕೇಳಿದ್ರಿ. ಮಂದಿ ಹಂಗ ಕೇಳೂದಿಲ್ರಿ. ಸ್ವಲ್ಪ ಹುಬ್ಬು ಏರಸ್ರಿ."

ಏರಿಸಿದೆ. "ಸಾಲಿ ಬಿಟ್ಟಿಯೇನು? ಯಾಕ, ತಲಿಗೆ ಹತ್ತಲಿಲ್ಲೇನು?"

"ಈಗ ಬರೋಬ್ಬರಿ!" ಎಂದು ಅವರು ಹಿಗ್ಗಿದರು. "ನಿಮಗ ಇದು ತಂತಾನ ಬರತೈತ್ರಿ."

ಅಡುಗೆಮನೆಯಲ್ಲಿ ನಮ್ಮಾಕೆ ಕೆಮ್ಮಿದ್ದು ಕೇಳಿಸಿತು.

ಹುರುಪು ಬಂದು, ಎನ್‌ಐಓಎಸ್ ಮಾತು ಬಂದಾಗ ಸಮಾಜ ತಾನಾಗಿಯೇ ಕೇಳಿತು: "ಅದು ಫೇಲಾದವರ ಬೋರ್ಡಲ್ಲೇನು?" ಮಗಳು ಎಷ್ಟನೇ ಕಾರ್ಡೆಂದು ನೆನಪಿಸಿಕೊಳ್ಳುತ್ತಿದ್ದಳು. ಸಣ್ಣವನೇ ಹೇಳಿಬಿಟ್ಟ: "ಫೇಲಾಗಬೇಕಂದ್ರ ಮೊದಲ ಸಾಲಿಗೆ ಹೋಗಬೇಕಲ್ರಿ ಅಜ್ಜಾರ." ನಾನು ಪಾತ್ರ ಮರೆತು ನಕ್ಕೆ. "ಇದು ಕಾರ್ಡಿನ್ಯಾಗ ಇಲ್ಲ," ಎಂದು ಅಪ್ಪ ಗದರಿದರು.

ಶಾಲೆಯ ವಿಷಯ ಹೇಗೋ ನಡೆಯುತ್ತದೆ. ಅವರು ಬೆವರುವುದು ಲಿಂಗದ ಪ್ರಶ್ನೆಗೆ. ಓಣಿಯ ಹುಡುಗರಿಗೆ ಆ ಬೆಳ್ಳಿಯ ಕರಡಿಗೆ ಮೇಲೆ ಕಣ್ಣು. ಕಾರ್ಡಿನ ಪ್ರಕಾರ ಉತ್ತರ ನಿರಾಕಾರದಿಂದ ಹೊರಟು, ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಹೋಗಿ, ಅನುಭವ ಮಂಟಪ ಹೊಕ್ಕು, ಕಾಯಕ ದಾಸೋಹ ಮುಟ್ಟಿ ಕೊರಳಿಗೆ ವಾಪಸು ಬರಬೇಕು. ಒಂದು ಸಂಜೆ ಓಣಿಯಲ್ಲಿ ಕ್ರಿಕೆಟ್ ನಡೆದಾಗ ಬೌಲಿಂಗ್ ಮಾಡುತ್ತಿದ್ದ ಹುಡುಗ ಅರ್ಧ ಓಟದಲ್ಲೇ ನಿಂತು ಕೇಳಿದ: "ಏ, ಆ ಡಬ್ಬ್ಯಾಗ ಏನೈತಲೇ?" ಗೇಟಿನ ಹಿಂದೆ ಅಪ್ಪ, ಅವರ ಪಕ್ಕದಲ್ಲಿ ನಾನು, ಇಬ್ಬರೂ ಉಸಿರು ಬಿಗಿಹಿಡಿದೆವು.

"ನಮ್ಮ ದೇವರು," ಅಂದ ಸಣ್ಣವನು. "ಮುಂಜಾನೆ ಅಂಗೈಮ್ಯಾಲ ಕೂಡತಾನ, ಸಂಜೀಕ ನನ್ನ ಕೂಡ ಆಡಾಕ ಬರತಾನ. ನೀ ಬೌಲಿಂಗ್ ಹಾಕು."

ಆ ಹುಡುಗ ತಲೆಯಾಡಿಸಿ ಬೌಲಿಂಗ್ ಹಾಕಿದ. ಅಪ್ಪ ನನ್ನ ತೋಳು ಹಿಡಿದರು: "ನಿರಾಕಾರ ಅನ್ನೂದನ್ನ ಬಿಟ್ಟಬಿಟ್ಟ ನೋಡ್ರಿ!"

ಅವರ ಮುಖದಲ್ಲಿದ್ದದ್ದು ನಿಜವಾದ ದುಃಖ. ಮಗನನ್ನು ಯಾರೂ ನಗೆಯಾಡಬಾರದು, ಅವನ ದೇವರನ್ನು ಯಾರೂ ಹಗುರ ಮಾಡಬಾರದು ಎಂಬ ಹೆದರಿಕೆ ಅದು. ನನಗೂ ಗೊತ್ತಿದ್ದ ಹೆದರಿಕೆಯೇ. ಹಳ್ಳಿಯಿಂದ ಬಂದು ಹೈಸ್ಕೂಲು ಸೇರಿದಾಗ ಕರಡಿಗೆ ಕಾಣದ ಹಾಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಇರುತ್ತಿದ್ದೆ, ಬ್ಯಾಸಿಗೆಯಲ್ಲೂ. ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಕಾರ್ಡೂ ಇರಲಿಲ್ಲ, ಈ ಹುಡುಗನ ಸಲೀಸೂ ಇರಲಿಲ್ಲ.

ಶಾಲೆಗೆ ಹೋಗುವ ಮಕ್ಕಳನ್ನು ಯಾಕೆ ಹೋಗುತ್ತೀರೆಂದು ಯಾರೂ ಕೇಳುವುದಿಲ್ಲ, ಅದೊಂದು ಸೌಕರ್ಯ. ಬೆಂಗಳೂರಿನ ಮೊಮ್ಮಗನನ್ನು ನಾನೇ ಫೋನಿನಲ್ಲಿ ಕೇಳಿ ನೋಡಿದೆ. "ವ್ಯಾನ್ ಬರುತ್ತಲ್ಲ ತಾತ" ಅಂದ. ಈ ಉತ್ತರವನ್ನು ಎದುರುಮನೆಗೆ ತಿಳಿಸಿಲ್ಲ.

ಮೊನ್ನೆ ಗದಗಿನಲ್ಲೊಂದು ಮದುವೆಗೆ ಎರಡೂ ಮನೆಯವರು ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಒಬ್ಬ ಅತ್ತಿ, ಹುಬ್ಬು ಸರಿಯಾಗಿಯೇ ಏರಿಸಿ, "ಯಾವ ಸಾಲಿವಾ?" ಎಂದಳು. ಅಪ್ಪ ಹೋಳಿಗೆ ಬಿಟ್ಟು ಮುಂದೆ ಬಾಗಿದರು. ಮಗಳು ಮೆಲ್ಲಗೆ, "ಅಪ್ಪಾಜಿ, ಅವರು ನನ್ನ ಕೇಳ್ಯಾರ" ಅಂದಳು. "ಮನ್ಯಾಗ ಕಲೀತೇನ್ರಿ ಅತ್ತಿ, ಅವ್ವ ಕಲಸ್ತಾಳ." ಅತ್ತಿ, "ಹೌದಾ, ಚಲೋ ಆತು" ಎಂದವಳೇ ಈಚೆ ತಿರುಗಿ, ಮದುಮಗಳಿಗೆ ಎಷ್ಟು ತೊಲಿ ಹಾಕ್ಯಾರೆಂದು ನಮ್ಮಾಕೆಯನ್ನು ವಿಚಾರಿಸತೊಡಗಿದಳು. ಉಳಿದ ಕಾರ್ಡುಗಳೆಲ್ಲ ಅಪ್ಪನ ಜೇಬಿನಲ್ಲೇ ಉಳಿದವು. ಅಷ್ಟು ನಿರಾಶೆಯಿಂದ ಹೋಳಿಗೆ ತಿಂದವರನ್ನು ನಾನು ನೋಡಿಲ್ಲ.

ಆದರೆ ಸೋಲೊಪ್ಪುವ ಪೈಕಿ ಅಲ್ಲ. ನಿನ್ನೆ ಮತ್ತೆ ಬಂದಿದ್ದರು. ಮಂದಿ ಸಾಕು, ಈ ಐತವಾರ ನಾನು ಬಿ.ಇ.ಓ. ಆಗಬೇಕಂತೆ, ತಪಾಸಣೆಗೆ ಬಂದವರ ಹಾಗೆ, ಸಾಧ್ಯವಾದರೆ ಕೋಟು ಹಾಕಿಕೊಂಡು. ನಾನು ಆಗುವುದಿಲ್ಲ ಎನ್ನುವುದರೊಳಗೆ ನಮ್ಮಾಕೆ ಕೋಟನ್ನು ಇಸ್ತ್ರಿಗೆ ಕಳಿಸಿಯಾಗಿತ್ತು.